ಸರ್ಕಾರಿ ನೌಕರಿ, ಖಾಸಗಿ ನೌಕರಿ: ಸಂಬಳ ಮಾತ್ರ ನೋಡಿದರೆ ಸಾಕೇ?

ಸರ್ಕಾರಿ ಕೆಲಸದ ಹಂಬಲ ನಮ್ಮ ಕರಾವಳಿಯಲ್ಲಿ ಬಯಲುಸೀಮೆಯಷ್ಟು ಬಲವಾಗಿ ಎಂದೂ ಇರಲಿಲ್ಲ. ನಮ್ಮವರು ಮುಂಬಯಿಗೆ ಹೋದರು, ಗಲ್ಫಿಗೆ ಹೋದರು. ಊರಲ್ಲಿ ಉಳಿದವರಿಗೆ ಬ್ಯಾಂಕುಗಳಿದ್ದವು. ಇಲ್ಲಿಯೇ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ 1980ರಲ್ಲಿ ರಾಷ್ಟ್ರೀಕರಣಗೊಂಡು ಸರ್ಕಾರಿ ಭದ್ರತೆಯನ್ನು ಮನೆಬಾಗಿಲಿಗೇ ತಂದವು. 2019 ಮತ್ತು 2020ರ ವಿಲೀನದಲ್ಲಿ ಮೂರು ಹೆಸರುಗಳು ಮರೆಯಾದವು.

ಇಂದು ನಮ್ಮ ಯುವಜನರು ಮತ್ತೆ ಸ್ಪರ್ಧಾತ್ಮಕ ಪರೀಕ್ಷೆಗಳತ್ತ ಮುಖ ಮಾಡಿದ್ದರೆ ಅದಕ್ಕೆ ಕಾರಣವಿದೆ. ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಬೇರೆ. ನುರಿತ ಎಂಜಿನಿಯರಿಗೋ ತಜ್ಞ ವೈದ್ಯರಿಗೋ ಖಾಸಗಿಯವರು ಇದಕ್ಕಿಂತ ಎಷ್ಟೋ ಹೆಚ್ಚು ಕೊಡಬಹುದು. ಆದರೆ ಜವಾನ, ಗುಮಾಸ್ತ, ಚಾಲಕರ ಮಟ್ಟದಲ್ಲಿ ಸರ್ಕಾರದ ಸಂಬಳವೇ ಮೇಲು.

ಹಾಗೆಂದು ಸರ್ಕಾರದೊಳಗೆ ಎಲ್ಲರೂ ಒಂದೇ ಅಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ. ಎನ್‌ಪಿಎಸ್‌ನಲ್ಲಿ ಮಾರುಕಟ್ಟೆ ಕೊಟ್ಟಷ್ಟೇ ಸಿಗುವುದು. ಅದೇ ತಿಂಗಳ 10ರಂದು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಹಂಗಾಮಿ ನೌಕರರ ಖಾಯಮಾತಿಯ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಅದು ನಮ್ಮ ರಾಜ್ಯದ್ದೇ ಪ್ರಕರಣ. ಅತಿಥಿ ಉಪನ್ಯಾಸಕರಿಗೂ ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಗೂ ಕಚೇರಿ ಸರ್ಕಾರದ್ದು, ಭದ್ರತೆ ಮಾತ್ರ ಖಾಸಗಿಯವರಷ್ಟೂ ಇಲ್ಲ.

ಖಾಸಗಿಯಲ್ಲಿ ಮುಪ್ಪಿನ ಆಸರೆ ಪಿಎಫ್. 2014ರಲ್ಲಿ ನಿಗದಿಯಾದ 15,000 ರೂಪಾಯಿ ವೇತನ ಮಿತಿಯ ಲೆಕ್ಕದಲ್ಲಿ 35 ವರ್ಷ ದುಡಿದವರಿಗೆ ಬರುವ ಪಿಂಚಣಿ ತಿಂಗಳಿಗೆ 7,500 ರೂಪಾಯಿ. ಔಷಧಿಗೇ ಸಾಲದು!

ಈ ವಿಷಯದಲ್ಲಿ ಸರ್ಕಾರವನ್ನೂ ಕಂಪೆನಿಗಳನ್ನೂ ದೂರಿ ನಾವು ಸುಮ್ಮನಾಗುವಂತಿಲ್ಲ. ನಮ್ಮ ಶಾಲೆಗಳ ಸ್ಟಾಫ್ ರೂಮನ್ನೇ ನೋಡೋಣ. ಅನುದಾನಿತ ಹುದ್ದೆಯ ಶಿಕ್ಷಕಿಗೆ ಸರ್ಕಾರದ ಸಂಬಳ. ಪಕ್ಕದ ಕುರ್ಚಿಯ ಅನುದಾನರಹಿತ ಶಿಕ್ಷಕಿ ಅದೇ ಪಾಠ ಮಾಡಿ ಆಡಳಿತ ಮಂಡಳಿ ಕೊಟ್ಟಷ್ಟನ್ನು ಪಡೆಯುತ್ತಾರೆ. ಶುಲ್ಕ ಹೆಚ್ಚಿಸಿದರೆ ಬಡ ಮಕ್ಕಳು ಬರಲಾರರು ಎಂಬ ಆಡಳಿತದ ಸಂಕಟ ಸುಳ್ಳಲ್ಲ. ಆದರೂ ಆ ಭಾರವನ್ನು ಹೊರುತ್ತಿರುವವರು ಆ ಶಿಕ್ಷಕಿಯೇ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕೆಂಬ 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. 18,000 ರೂಪಾಯಿ ಕೊನೆಯ ವೇತನದಲ್ಲಿ 20 ವರ್ಷದ ಸೇವೆ ಮುಗಿಸಿದವರಿಗೆ ಸುಮಾರು 2 ಲಕ್ಷ 7 ಸಾವಿರ ರೂಪಾಯಿ ಸಲ್ಲಬೇಕು. ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಆ ಚೆಕ್ಕೂ ಸಿದ್ಧವಿರಬೇಕಾದರೆ ವರ್ಷ ವರ್ಷವೂ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕು. ಮುಂದಿನ ಶೈಕ್ಷಣಿಕ ವರ್ಷದ ಲೆಕ್ಕಪತ್ರ ಮಂಡಿಸುವಾಗ ಆಡಳಿತ ಸಮಿತಿಯ ಸದಸ್ಯರು ಇದನ್ನು ಕೇಳಲಿ.