ಚಕ್ರವರ್ತಿ ಮಾಡಿದ ದೇವರಲ್ಲ

ನಮ್ಮ ಸಾಹಿತ್ಯದ ವಿದ್ಯಾರ್ಥಿಗಳ ನಡುವೆ ಒಂದು ಮಾತು ಬಹಳ ಸಲೀಸಾಗಿ ಓಡಾಡುತ್ತದೆ. ‘ಯೇಸು ಒಬ್ಬ ಮನುಷ್ಯ, ಒಳ್ಳೆಯ ಬೋಧಕ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಸಭೆ ಸೇರಿಸಿ, ಕೈ ಎತ್ತಿಸಿ ಅವನನ್ನು ದೇವರು ಮಾಡಿದ.’ 2003ರಲ್ಲಿ ‘ದ ಡಾ ವಿಂಚಿ ಕೋಡ್’ ಬಂದ ಮೇಲೆ ಈ ಮಾತಿಗೆ ರೆಕ್ಕೆ ಮೂಡಿತು. ಕಾದಂಬರಿಯ ಪಾತ್ರವೊಂದು ಆಡುವ ಮಾತು ಈಗ ಸೆಮಿನಾರು ಪ್ರಬಂಧಗಳಲ್ಲಿ ಇತಿಹಾಸವಾಗಿ ಕಾಲು ಚಾಚಿ ಕೂತಿದೆ. ಹೇಳುವವರಿಗೆ ತಾವು ವೈಚಾರಿಕರೆಂಬ ಸಮಾಧಾನ. ನನ್ನ ತಕರಾರು ಶುರುವಾಗುವುದೇ ಅಲ್ಲಿ. ಇದು ಸೋಮಾರಿತನ, ಅದಕ್ಕೆ ವೈಚಾರಿಕತೆಯ ಅಂಗಿ ತೊಡಿಸಿದ್ದೇವೆ ಅಷ್ಟೆ.

ಕ್ರಿ.ಶ. 112ರ ಸುಮಾರಿಗೆ ಬಿಥಿನಿಯಾ-ಪೊಂಟಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಕಿರಿಯ ಪ್ಲಿನಿ, ಟ್ರೇಜನ್ ಚಕ್ರವರ್ತಿಗೆ ಒಂದು ಪತ್ರ ಬರೆದ. ಈ ಕ್ರೈಸ್ತರು ನಿಗದಿಯಾದ ದಿನ ಬೆಳಕು ಹರಿಯುವ ಮೊದಲು ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಹೊಗಳುತ್ತಾರೆ ಎಂದು ಅದರಲ್ಲಿ ವರದಿ ಮಾಡಿದ. ಪ್ಲಿನಿ ಅವರ ಪಕ್ಷದವನಲ್ಲ, ಅವರಲ್ಲಿ ಹಲವರನ್ನು ಕೊಲ್ಲಿಸಿದವನು. ನೈಸಿಯಾ ಇದ್ದದ್ದೂ ಅದೇ ಬಿಥಿನಿಯಾದಲ್ಲಿ. ಅಂದರೆ ಚಕ್ರವರ್ತಿ ಅಲ್ಲಿಗೆ ಬಂದು ದೇವರನ್ನು ‘ಮಾಡುವ’ ಇನ್ನೂರು ವರ್ಷ ಮೊದಲೇ ಆ ಊರುಗಳ ಜನ ಯೇಸುವಿಗೆ ಹಾಡು ಹಾಡುತ್ತಿದ್ದರು.

ಹಾಗೆಂದು ಎಲ್ಲರೂ ಒಂದೇ ಸಮನೆ ನಂಬಿದ್ದರೆಂದಲ್ಲ. ಯಹೂದಿ ಮೂಲದ ಎಬಿಯೊನೈಟರು ಯೇಸು ಮೆಸ್ಸೀಯ ಹೌದು, ಆದರೆ ಮನುಷ್ಯ ಎಂದರು. ಎರಡನೆಯ ಶತಮಾನದ ಕೊನೆಗೆ ಬೈಜಾಂಟಿಯಂನಿಂದ ರೋಮಿಗೆ ಬಂದ ಥಿಯೋಡೋಟಸ್, ಚರ್ಮದ ಕಸುಬಿನವನು, ಅದನ್ನೇ ಹೇಳಿ ಬಿಷಪ್ ವಿಕ್ಟರನಿಂದ ಬಹಿಷ್ಕಾರಕ್ಕೆ ಒಳಗಾದ. ಇನ್ನೊಂದು ತುದಿಯಲ್ಲಿ ಡೊಸೆಟಿಸ್ಟರಿದ್ದರು: ಯೇಸು ದೇವರೇ, ಮೈ ಬರೀ ತೋರಿಕೆ, ಶಿಲುಬೆಯ ನೋವೂ ತೋರಿಕೆ. ಜಗಳ ಹಳೆಯದು, ಹಲವು ಬಾಯಿಗಳದ್ದು. ಒಂದು ಸಭೆ, ಒಬ್ಬ ರಾಜ, ಒಂದು ಮತದಾನ ಎಂಬ ಕತೆ ಈ ಎಲ್ಲರ ಬಾಯಿಯನ್ನೂ ಮುಚ್ಚಿಸುತ್ತದೆ.

ನೈಸಿಯಾದ ಮುಂದಿದ್ದ ಪ್ರಶ್ನೆ ಬೇರೆ. ಅಲೆಕ್ಸಾಂಡ್ರಿಯಾದ ಪಾದ್ರಿ ಅರಿಯಸ್ ಯೇಸುವನ್ನು ‘ಬರೀ ಮನುಷ್ಯ’ ಎನ್ನಲೇ ಇಲ್ಲ. ಲೋಕಗಳೆಲ್ಲಕ್ಕೂ ಮೊದಲು ಮಗನಿದ್ದ, ಅವನ ಮೂಲಕವೇ ಸೃಷ್ಟಿಯಾಯಿತು, ಅವನನ್ನು ದೇವರೆಂದು ಕರೆಯಲೂಬಹುದು, ಆದರೆ ತಂದೆ ಅವನನ್ನು ಉಂಟುಮಾಡಿದ್ದು ಎಂಬುದು ಅವನ ವಾದ. ಮಗನಿಲ್ಲದ ಕಾಲವೊಂದಿತ್ತು ಎಂದು ಅವನು ಹೇಳಿದನೆಂದು ನಾವು ಕನ್ನಡದಲ್ಲಿ ಬರೆಯುತ್ತೇವೆ. ಆದರೆ ಅವನ ಗ್ರೀಕ್ ಮಾತಿನಲ್ಲಿ ‘ಕಾಲ’ ಎಂಬ ನಾಮಪದವೇ ಇಲ್ಲ! ಕಾಲವೂ ಮಗನ ಮೂಲಕವೇ ಹುಟ್ಟಿದ್ದಾದ್ದರಿಂದ, ಅವನಿಲ್ಲದ ಒಂದು ‘ಆಗ’ ಇತ್ತು ಎಂದಷ್ಟೇ ಹೇಳುವ ಎಚ್ಚರ ಅವನದು. ಇಂಥ ಮನುಷ್ಯನನ್ನು ಯೇಸುವಿನ ದೈವತ್ವವನ್ನು ಅಲ್ಲಗಳೆದ ನಾಸ್ತಿಕನಂತೆ ಚಿತ್ರಿಸುವುದು ಅವನಿಗೂ ಅನ್ಯಾಯ. ಅವನು ತನ್ನ ವಿಚಾರವನ್ನು ‘ಥಾಲಿಯಾ’ ಎಂಬ ಪದ್ಯದಲ್ಲಿ ಕಟ್ಟಿದ. ನಾವಿಕರಿಗೆ, ಬೀಸುವವರಿಗೆ, ದಾರಿಹೋಕರಿಗೆಂದು ಹಾಡು ಬರೆದನೆಂದು ಮುಂದಿನ ಶತಮಾನದ ಚರಿತ್ರೆಕಾರ ಫಿಲೋಸ್ಟೋರ್ಗಿಯಸ್ ಹೇಳುತ್ತಾನೆ. ‘ಥಾಲಿಯಾ’ದ ತುಣುಕುಗಳು ನಮಗೆ ಉಳಿದಿರುವುದು ಮುಖ್ಯವಾಗಿ ಅವನ ಕಡು ವಿರೋಧಿ ಅಥನೇಸಿಯಸ್ ಖಂಡಿಸಲೆಂದು ಉದ್ಧರಿಸಿದ್ದರಿಂದ. ಸಾಹಿತ್ಯ ಓದುವವರಿಗೆ ಈ ಒಂದು ಸಂಗತಿಯೇ ಸಾಕಲ್ಲವೇ, ಕೂತು ಯೋಚಿಸಲು?

ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಒಂದೇ ಗ್ರಂಥ. ತಂದೆ ತನಗಿಂತ ದೊಡ್ಡವನೆಂದು ಯೇಸುವೇ ಹೇಳುವುದು ಯೋಹಾನನ ಸುವಾರ್ತೆಯಲ್ಲಿದೆ. ತಾನೂ ತಂದೆಯೂ ಒಂದೇ ಎಂದು ಹೇಳುವುದೂ ಅದರಲ್ಲೇ ಇದೆ. ಕೊನೆಯ ಗಳಿಗೆ ಯಾವುದೆಂದು ಮಗನಿಗೂ ಗೊತ್ತಿಲ್ಲ ಎಂಬ ಮಾತು ಮಾರ್ಕನಲ್ಲಿದೆ. ಹಸಿಯುವ, ಅಳುವ, ಗೊತ್ತಿಲ್ಲ ಎನ್ನುವ ಒಬ್ಬನನ್ನು ಬದಲಾವಣೆಯೇ ಇಲ್ಲದ ಏಕೈಕ ದೇವರೊಂದಿಗೆ ಸಮ ಮಾಡಿದರೆ ಆ ದೇವರು ಏನಾದ ಎಂದು ಅರಿಯಸ್ ಕೇಳುತ್ತಾನೆ. ಮಗನೂ ಸೃಷ್ಟಿಯೇ ಆದರೆ ಒಂದು ಸೃಷ್ಟಿ ಇನ್ನೊಂದು ಸೃಷ್ಟಿಯನ್ನು ದೇವರ ಬಳಿಗೆ ಹೇಗೆ ಮುಟ್ಟಿಸೀತು ಎಂದು ಅಥನೇಸಿಯಸ್ ಕೇಳುತ್ತಾನೆ. ನನ್ನ ಓದಿನಲ್ಲಿ ಅರಿಯಸ್‌ನ ತರ್ಕ ಗಟ್ಟಿಯಾದದ್ದೇ. ಅವನು ಎಡವಿದ್ದು ಆರಾಧನೆಯ ಎದುರು. ಜನ ಆಗಲೇ ಮಗನಿಗೆ ಪ್ರಾರ್ಥಿಸುತ್ತಿದ್ದರು, ಅವನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಿದ್ದರು. ಮಗ ಸೃಷ್ಟಿಯಾದರೆ ಅದೆಲ್ಲ ವಿಗ್ರಹಾರಾಧನೆ ಆಗಬೇಕಿತ್ತು.

ಇನ್ನು ಚಕ್ರವರ್ತಿ. ಸಭೆಗೆ ಮೊದಲು ಕಾನ್‌ಸ್ಟಂಟೈನ್ ಅರಿಯಸ್‌ಗೂ ಅವನ ಬಿಷಪ್ ಅಲೆಕ್ಸಾಂಡರ್‌ಗೂ ಪತ್ರ ಬರೆದು, ಇಂಥ ಕ್ಷುಲ್ಲಕ ವಿಷಯಕ್ಕೆ ಯಾಕೆ ಹೊಡೆದಾಡುತ್ತೀರಿ ಎಂದು ಗದರಿದ. ‘ಒಂದು ಅಕ್ಷರಕ್ಕಾಗಿ ಕಚ್ಚಾಡಿದ ಮೂರ್ಖರು’ ಎಂದು ಇವತ್ತು ನಗುವವರು, ತಮಗರಿಯದಂತೆ, ಆ ಚಕ್ರವರ್ತಿಯ ಪಕ್ಕದಲ್ಲೇ ನಿಂತಿದ್ದಾರೆ. ಅವನಿಗೆ ಬೇಕಿದ್ದದ್ದು ಶಾಂತಿ ಮತ್ತು ಸುವ್ಯವಸ್ಥೆ. ಅಂದ ಹಾಗೆ, ‘ಒಂದೇ ಸತ್ತ್ವದ’ ಮತ್ತು ‘ಹೋಲುವ ಸತ್ತ್ವದ’ ಎಂಬ ಎರಡು ಗ್ರೀಕ್ ಪದಗಳ ನಡುವಿನ ಆ ಒಂದಕ್ಷರದ ಜಗಳ ನೈಸಿಯಾದ್ದೂ ಅಲ್ಲ. ಅದು ಕಾವೇರಿದ್ದು 350ರ ದಶಕದಲ್ಲಿ. ನೈಸಿಯಾದಲ್ಲಿ ಕೊನೆಗೆ ಸಹಿ ಹಾಕದೆ ಉಳಿದ ಬಿಷಪ್ಪರು ಇಬ್ಬರೇ, ಲಿಬಿಯಾ ಕಡೆಯ ಸೆಕುಂಡಸ್ ಮತ್ತು ಥಿಯೋನಸ್. ಅರಿಯಸ್ ಜೊತೆ ಅವರನ್ನೂ ಗಡೀಪಾರು ಮಾಡಲಾಯಿತು. ಖಂಡಿಸಬೇಕಾದದ್ದು ಇದನ್ನು. ವಾದಕ್ಕೆ ಉತ್ತರವಾಗಿ ಗಡೀಪಾರು ಬಂದದ್ದು ಇಲ್ಲಿಂದ.

ಆದರೆ ಆ ಗಡೀಪಾರು ಜಗಳ ಮುಗಿಸಿತೇ? ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿತು. 337ರಲ್ಲಿ ಸಾಯುವ ಮುನ್ನ ಕಾನ್‌ಸ್ಟಂಟೈನ್‌ಗೆ ದೀಕ್ಷಾಸ್ನಾನ ಕೊಟ್ಟದ್ದು ಅರಿಯಸ್‌ನ ಹಳೆಯ ಬೆಂಬಲಿಗ, ನಿಕೊಮೀಡಿಯಾದ ಯುಸೀಬಿಯಸ್. ಅವನ ಮಗ ಕಾನ್‌ಸ್ಟಾಂಟಿಯಸ್ ನೈಸಿಯಾದ ವಿರೋಧಿಗಳ ಕೈಹಿಡಿದ. ನೈಸಿಯಾದ ಪರ ಗಟ್ಟಿಯಾಗಿ ನಿಂತ ಅಥನೇಸಿಯಸ್ ಐದು ಸಲ ಗಡೀಪಾರಾದ. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ನಂತರವೂ ಗಾಥ್ ಜನ ಅರಿಯಸ್ ಹಾದಿಯಲ್ಲೇ ಉಳಿದರು; ಸ್ಪೇನಿನ ಗಾಥ್ ರಾಜ್ಯ ಅದನ್ನು ಬಿಟ್ಟದ್ದು 589ರಲ್ಲಿ. ಚಕ್ರವರ್ತಿ ಹೇಳಿದ ಕೂಡಲೇ ದೇವರಾಗುವುದಾಗಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

ಈ ಜಗಳದ ಬಿಸಿ ನಮಗೆ ತಟ್ಟದಿರಲು ನಮ್ಮ ಭಾಷೆಯೂ ಕಾರಣ. ಕನ್ನಡದಲ್ಲಿ ‘ದೇವರು’ ಬಹಳ ಧಾರಾಳದ ಪದ. ಹೆತ್ತ ತಾಯಿ ದೇವರು, ಪ್ರಾಣ ಉಳಿಸಿದ ಡಾಕ್ಟರು ದೇವರು. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನೇ ದೇವರುಗಳೆಂದರು, ಯಾರೂ ಸಭೆ ಕರೆಯಲಿಲ್ಲ. ‘ಯೇಸು ದೇವರೇ?’ ಎಂದರೆ ನಮ್ಮ ಕಿವಿಗೆ ‘ಆಗಲಿ ಬಿಡಿ, ಇನ್ನೊಬ್ಬ’ ಎನಿಸುತ್ತದೆ. ದೇವರು ಒಬ್ಬನೇ, ಅವನ ಪಕ್ಕ ಇನ್ನೊಬ್ಬನಿಗೆ ಜಾಗವಿಲ್ಲ ಎಂದು ದಿನಾ ಪಠಿಸುತ್ತಿದ್ದ ಯಹೂದಿ ಮನೆಯಲ್ಲಿ ಹುಟ್ಟಿದ ಪ್ರಶ್ನೆ ಅದು. ಅಲ್ಲಿ ಅದು ಸುಟ್ಟೀತು. ಯೋಹಾನನ ಮೊದಲ ಸಾಲಿನಲ್ಲಿ ಗ್ರೀಕಿನ ‘ದೇವರು’ ಪದಕ್ಕೆ ಒಮ್ಮೆ ನಿರ್ದೇಶಕ ಉಪಪದವಿದೆ, ಒಮ್ಮೆ ಇಲ್ಲ. ಇಂಗ್ಲಿಷಿನಲ್ಲಿ ಯೆಹೋವನ ಸಾಕ್ಷಿಗಳು ಇಲ್ಲದ ಕಡೆ ‘ಒಬ್ಬ ದೇವರು’ ಎಂದು ಅನುವಾದಿಸಿದ್ದಾರೆ, ಉಳಿದವರು ಅದನ್ನು ಒಪ್ಪುವುದಿಲ್ಲ. ಉಪಪದವೇ ಇಲ್ಲದ ಕನ್ನಡದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳದೆ ದಾಟಿಹೋಗುತ್ತದೆ.

ಇನ್ನು ಕೆಲವರು, ‘ಅಯ್ಯೋ, ಇದು ನಮ್ಮ ದ್ವೈತ-ಅದ್ವೈತ ಜಗಳದ ಹಾಗೇ’ ಎಂದು ಪುಸ್ತಕ ಮುಚ್ಚಿಬಿಡುತ್ತಾರೆ. ಅಲ್ಲ ಸ್ವಾಮಿ. ಅದು ಎಲ್ಲ ಜೀವಕ್ಕೂ ಬ್ರಹ್ಮಕ್ಕೂ ಇರುವ ಸಂಬಂಧದ ಚರ್ಚೆ. ಇದು ಇಂಥ ಊರಲ್ಲಿ ಹುಟ್ಟಿ, ಇಂಥ ಅಧಿಕಾರಿಯ ಕೈಕೆಳಗೆ ಸತ್ತ ಒಬ್ಬನ ಕುರಿತದ್ದು. ವಡಗಲೈ-ತೆಂಗಲೈ ಜಗಳವನ್ನು ಯಾರಾದರೂ ನಾಮದ ಆಕಾರದ ಜಗಳ ಎಂದಷ್ಟೇ ಬರೆದರೆ ನಮಗೆ ಸಿಟ್ಟು ಬರುತ್ತದೆ. ಮರಿ ತಾಯಿಯನ್ನು ಹಿಡಿಯಬೇಕೋ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುತ್ತಾಳೋ ಎಂಬ ಕೃಪೆಯ ಪ್ರಶ್ನೆ ಅದರ ಹಿಂದಿದೆ ಎಂದು ತಿದ್ದುತ್ತೇವೆ. ಆ ಮರ್ಯಾದೆಯನ್ನು ಬೇರೆಯವರ ಜಗಳಕ್ಕೆ ಕೊಡಲು ನಮಗೇನು ಕಷ್ಟ?

ಅರಿಯಸ್‌ಗಿಂತ ಕಟುವಾದ ಕತೆ ಮೈಕೆಲ್ ಸರ್ವೆಟಸ್‌ನದು. ತ್ರಯೇಕತ್ವವನ್ನು ಖಂಡಿಸಿ ಬರೆದ ಈ ಸ್ಪೇನಿನ ವೈದ್ಯನನ್ನು 1553ರ ಅಕ್ಟೋಬರ್ 27ರಂದು ಜಿನೀವಾದಲ್ಲಿ ಜೀವಂತ ಸುಟ್ಟರು. ಸುಡಿಸಿದ್ದು ಪೋಪನಲ್ಲ, ಕ್ಯಾಲ್ವಿನ್‌ನ ಸುಧಾರಣಾವಾದಿ ಊರು. ಬೆಂಕಿಯಲ್ಲೂ ಅವನು ನಿತ್ಯ ದೇವರ ಮಗನೆಂದು ಯೇಸುವನ್ನು ಕೂಗಿದನಂತೆ. ದೇವರ ನಿತ್ಯ ಮಗ ಎಂದಿದ್ದರೆ ಸಾಕಿತ್ತು. ವಿಶೇಷಣವನ್ನು ಒಂದು ಪದ ಆಚೆಗೆ ಸರಿಸಲು ಅವನು ಒಪ್ಪಲಿಲ್ಲ.

ಈ ಜಗಳ ನಮ್ಮ ನೆಲಕ್ಕೂ ಬಂದಿತ್ತು. ರಾಮಮೋಹನ ರಾಯ್ 1820ರಲ್ಲಿ ಪವಾಡಗಳನ್ನೂ ದೈವತ್ವದ ಮಾತನ್ನೂ ಬಿಟ್ಟು ಯೇಸುವಿನ ನೀತಿಬೋಧೆಯನ್ನಷ್ಟೇ ಆಯ್ದು ಪ್ರಕಟಿಸಿದಾಗ ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಕೆರಳಿದರು. ವಾಗ್ವಾದ ವರ್ಷಗಟ್ಟಲೆ ನಡೆಯಿತು. ಕೊನೆಯ ಉತ್ತರವನ್ನು ಅಚ್ಚು ಹಾಕಲು ಬ್ಯಾಪ್ಟಿಸ್ಟ್ ಮಿಷನ್ ಪ್ರೆಸ್ ಒಪ್ಪದಿದ್ದಾಗ ರಾಯ್ ಬೇರೆ ಅಚ್ಚುಕೂಟವನ್ನೇ ಹೂಡಿ 1823ರಲ್ಲಿ ಅದನ್ನು ಹೊರತಂದರು. ಯೇಸು ದೇವರಲ್ಲ ಎಂದು ವಾದಿಸಲು ಅವರು ಯಾವ ಕಾದಂಬರಿಯನ್ನೂ ನೆಚ್ಚಲಿಲ್ಲ, ಗ್ರೀಕ್ ಮತ್ತು ಹೀಬ್ರೂ ಕಲಿತರು. ಅದೇ ಹೊತ್ತಿಗೆ ಅವರು ಇಬ್ಬರು ಬ್ಯಾಪ್ಟಿಸ್ಟ್ ಮಿಷನರಿಗಳೊಂದಿಗೆ ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದರು. ಯೋಹಾನನ ಮೂರನೆಯ ವಚನದ ಒಂದು ಗ್ರೀಕ್ ಉಪಸರ್ಗದ ಬಳಿ ಕೆಲಸ ನಿಂತಿತು. ಎಲ್ಲವೂ ಅವನಿಂದ ಆಯಿತೇ, ಅವನ ಮೂಲಕ ಆಯಿತೇ? ‘ಇಂದ’ ಎಂದರೆ ಮಗನೇ ಕರ್ತೃ, ‘ಮೂಲಕ’ ಎಂದರೆ ಕರ್ತೃ ಬೇರೊಬ್ಬ. ವಿಲಿಯಂ ಯೇಟ್ಸ್ ಎದ್ದು ಹೋದರು. ವಿಲಿಯಂ ಆ್ಯಡಮ್ ಕೂತು ಯೋಚಿಸಿ, 1821ರಲ್ಲಿ ಯೂನಿಟೇರಿಯನ್ ಆದರು. ಎರಡನೆಯ ಸಲ ಜಾರಿದ ಆದಾಮ ಎಂದು ಕಲಕತ್ತೆಯ ಕ್ರೈಸ್ತರು ಅವರನ್ನು ಗೇಲಿ ಮಾಡಿದರು.