ಮಕ್ಕಳ ಮುಂದಿನ ದಾರಿ: ಗೆಜ್ಜೆಯೂ ಬೇಕು, ಓದೂ ಬೇಕು ಎಂದಾಗ

ಏಳೆಂಟು ವರ್ಷದ ಮಗಳು ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿದರೆ ಮನೆಮಂದಿಯೆಲ್ಲ ಸಂತೋಷಪಡುತ್ತಾರೆ. ಅದೇ ಮಗಳು ಹದಿನೇಳನೆಯ ವಯಸ್ಸಿನಲ್ಲಿ "ನೃತ್ಯವನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ" ಎಂದಾಗ ಮನೆ ಮೌನವಾಗುತ್ತದೆ. ತಂದೆ ಅಂಗಡಿಯ ಲೆಕ್ಕ ನೆನೆಯುತ್ತಾರೆ, ತಾಯಿ ಮದುವೆಯ ಮಾತು ನೆನೆಯುತ್ತಾರೆ, ಅಜ್ಜಿ "ಇದೆಲ್ಲ ನಮ್ಮವರಿಗೆ ಹೇಳಿಸಿದ್ದಲ್ಲ" ಎಂದು ಮುಗಿಸಿಬಿಡುತ್ತಾರೆ. ಬೇಡ ಎನ್ನುವುದು ಸುಲಭ, ಬೇಕು ಎನ್ನುವುದೂ ಸುಲಭ. ಆದರೆ ಓದನ್ನು ಬಿಡದೆ, ನೃತ್ಯವನ್ನೂ ಬಿಡದೆ ನಾಲ್ಕೈದು ವರ್ಷ ನಡೆಯಬಹುದಾದ ದಾರಿ ಯಾವುದು? ಈ ತಿಂಗಳು ಅದನ್ನು ವಿಚಾರ ಮಾಡೋಣ.

ಮೊದಲು ಅಜ್ಜಿಯ ಮಾತಿಗೆ ಉತ್ತರ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭದೇವರು ತಮ್ಮ ಹಿರಿಯ ಮಗ ಭರತನಿಗೆ ಅರ್ಥಶಾಸ್ತ್ರವನ್ನೂ ನಾಟ್ಯಶಾಸ್ತ್ರವನ್ನೂ ಕಲಿಸಿದರೆಂದು ಬರುತ್ತದೆ. ಎರಡೂ ಒಬ್ಬನೇ ಮಗನಿಗೆ! ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲಾದೇವಿ ಪರಮ ಜಿನಭಕ್ತೆ. ನೃತ್ಯದಲ್ಲಿಯೂ ನಿಪುಣೆಯೆಂದು ಹೆಸರಾದವಳು. "ನೀಲಾಂಜನೆಯ ನೃತ್ಯವೇ ಸ್ವಾಮಿಗೆ ವೈರಾಗ್ಯ ತಂದಿತಲ್ಲ" ಎಂದು ಹಿರಿಯರು ಕೇಳಬಹುದು. ಪಂಪನು 941ರಲ್ಲಿ ಆ ಪ್ರಸಂಗವನ್ನು ಕನ್ನಡಕ್ಕೆ ತಂದು ನಮ್ಮ ಮನಸ್ಸಿನಲ್ಲಿ ನಿಲ್ಲಿಸಿದ್ದಾನೆ. ಅಲ್ಲಿ ಸ್ವಾಮಿ ಕಂಡದ್ದು ಆಯುಷ್ಯದ ಕ್ಷಣಿಕತೆಯನ್ನೇ ಹೊರತು ನೃತ್ಯದ ದೋಷವನ್ನಲ್ಲ.

ಈ ಕಾಲದ ಉದಾಹರಣೆ ಬೇಕೆಂದರೆ ಅಹಮದಾಬಾದಿನ ಸಾರಾಭಾಯಿ ಮನೆತನವಿದೆ. ಗಿರಣಿ ನಡೆಸುತ್ತಿದ್ದ ಜೈನ ಮನೆತನ ಅದು. ಕೇರಳದಿಂದ ಆ ಮನೆಗೆ ಸೊಸೆಯಾಗಿ ಹೋದ ಮೃಣಾಲಿನಿಯವರು 1949ರಲ್ಲಿ 'ದರ್ಪಣ' ಎಂಬ ನೃತ್ಯಸಂಸ್ಥೆಯನ್ನು ಕಟ್ಟಿದರು. ಅವರ ಮಗಳು ಮಲ್ಲಿಕಾ 1974ರಲ್ಲಿ ಅಹಮದಾಬಾದಿನ ಐ.ಐ.ಎಂ.ನಲ್ಲಿ ಎಂ.ಬಿ.ಎ. ಮುಗಿಸಿ, ಬಳಿಕ ಡಾಕ್ಟರೇಟ್ ಪಡೆದು, ನೃತ್ಯದಲ್ಲಿಯೇ ಹೆಸರು ಮಾಡಿದರು. 2022ರ ಡಿಸೆಂಬರಿನಲ್ಲಿ ಅವರನ್ನು ಕೇರಳ ಕಲಾಮಂಡಲಂ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿ ನೇಮಿಸಲಾಯಿತು. ಆ ಮನೆಯಲ್ಲಿ ವ್ಯವಹಾರದ ಓದು ಮತ್ತು ಗೆಜ್ಜೆ ಒಂದಕ್ಕೊಂದು ಅಡ್ಡಿಯಾಗಲಿಲ್ಲ.

ಯಾವ ನೃತ್ಯ, ಯಾವ ವಯಸ್ಸು?

ಸಿನಿಮಾ, ಮೊಬೈಲುಗಳನ್ನು ನೋಡಿ ಕೆಲವು ಮಕ್ಕಳು ಪಾಶ್ಚಾತ್ಯ ಬ್ಯಾಲೆಯನ್ನು ಬಯಸುತ್ತಾರೆ. ಇಲ್ಲಿ ವಯಸ್ಸಿನ ವಿಷಯವನ್ನು ಮುಚ್ಚಿಡಬಾರದು. ರಷ್ಯಾದಲ್ಲಿ 1738ರಿಂದ ನಡೆದುಬಂದ ಪ್ರಸಿದ್ಧ ವಾಗನೋವಾ ಶಾಲೆಗೆ ಮಕ್ಕಳು ಹತ್ತನೆಯ ವಯಸ್ಸಿಗೆ ಸೇರಿ ಎಂಟು ವರ್ಷ ದಿನವೂ ಕಲಿಯುತ್ತಾರೆ. ಸೊಂಟದ ಕೀಲು, ಪಾದ, ಬೆನ್ನು ಬೆಳೆಯುವ ಕಾಲದಲ್ಲಿಯೇ ಪಳಗಬೇಕಾದ ಕಲೆ ಅದು. ಹದಿನೇಳರಲ್ಲಿ ಮೊದಲ ಪಾಠ ಕಲಿತು, ವಾರಕ್ಕೆರಡು ತರಗತಿಗೆ ಹೋಗಿ ದೊಡ್ಡ ಬ್ಯಾಲೆ ತಂಡವನ್ನು ಸೇರುವುದು ಬಹಳ ಕಷ್ಟ. ನವಿ ಮುಂಬೈಯ ವೆಲ್ಡರ್ ಒಬ್ಬರ ಮಗ ಅಮೀರುದ್ದೀನ್ ಶಾ ತಡವಾಗಿ ಆರಂಭಿಸಿ 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಗೆ ಆಯ್ಕೆಯಾದದ್ದು ನಿಜ. ಆದರೆ ಅವನು ತಡವೆಂದು ಆರಂಭಿಸಿದ್ದೂ ಹದಿಮೂರರ ಸುಮಾರಿಗೆ, ಅದೂ ಪರಿಣತ ಗುರುವಿನ ದಿನನಿತ್ಯದ ಕೈಕೆಳಗೆ.

ಹಾಗೆಂದು ಬ್ಯಾಲೆ ಕಲಿತದ್ದು ವ್ಯರ್ಥವಲ್ಲ. ಬೆಂಗಳೂರಿನಲ್ಲಿ ಯಾನಾ ಲೂಯಿಸ್ ಅವರ ಸಂಸ್ಥೆ ಬ್ಯಾಲೆಯನ್ನು ಕ್ರಮವಾಗಿ ಕಲಿಸಿದೆ. ಬೆಂಗಳೂರಿನವರೇ ಆದ ಮಾಯಾ ರಾವ್ (1928-2014) ಕಥಕ್ ಕಲಿತ ಮೇಲೆ ಸೋವಿಯತ್ ದೇಶಕ್ಕೆ ಹೋಗಿ ನೃತ್ಯ ಸಂಯೋಜನೆಯನ್ನು ಅಭ್ಯಾಸ ಮಾಡಿದರು. 1964ರಲ್ಲಿ ದೆಹಲಿಯಲ್ಲಿ ಸಂಸ್ಥೆ ಆರಂಭಿಸಿ, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ನಮ್ಮ ಕರಾವಳಿಯಲ್ಲಿ ಶಿವರಾಮ ಕಾರಂತರು 'ಯಕ್ಷಗಾನ ಬ್ಯಾಲೆ' ಎಂದೇ ಪ್ರಯೋಗ ಮಾಡಿದರು. ಹೊರಗಿನ ವಿದ್ಯೆಯನ್ನು ಕಲಿತು ತನ್ನ ನೆಲದ ಕಲೆಗೆ ಬಳಸಿಕೊಳ್ಳುವವರಿಗೆ ಹದಿನೇಳು ತಡವಲ್ಲ.

ಭರತನಾಟ್ಯದ ಲೆಕ್ಕ ಬೇರೆ. ಎಂಟು ಹತ್ತು ವರ್ಷಕ್ಕೆ ಅಡವು ಕಲಿತು, ನಡುವೆ ಪರೀಕ್ಷೆಗಳಿಗಾಗಿ ಬಿಟ್ಟವರು ಹದಿನೇಳರಲ್ಲಿ ಮತ್ತೆ ಹಿಡಿಯಬಹುದು. ಅಭಿನಯವು ವಯಸ್ಸಾದಂತೆ ಮಾಗುತ್ತದೆ. ಐವತ್ತು ದಾಟಿದವರೂ ರಂಗದಲ್ಲಿರುತ್ತಾರೆ. ಆದ್ದರಿಂದ ಅರೆಕಾಲಿಕ ಕಲಿಕೆಗೆ ಹೆಚ್ಚು ಒಗ್ಗುವ ವಿದ್ಯೆ ಇದು.

ನಾಯ್ಮಾರ್ಮೂಲೆಯಿಂದ ಎಲ್ಲಿಗೆ?

ನಾಯ್ಮಾರ್ಮೂಲೆಯಲ್ಲಿರುವ ಒಂದು ವ್ಯಾಪಾರಿ ಮನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಪಕ್ಕದ ವಿದ್ಯಾನಗರದಲ್ಲಿ 1957ರಲ್ಲಿ ಆರಂಭವಾದ ಸರಕಾರಿ ಕಾಲೇಜು ಇದೆ. ಕಾಸರಗೋಡಿನಿಂದ ಮಂಗಳೂರು ರೈಲಿನಲ್ಲಿ ಸುಮಾರು 50 ಕಿಲೋಮೀಟರು. ಇಂತಹ ಮನೆಯ ಮಗುವಿಗೆ ಮೂರು ದಾರಿಗಳಿವೆ.

ಮೊದಲನೆಯದು, ಪದವಿಯನ್ನು ಊರಿನಲ್ಲಿಯೇ ಓದಿ, ವಾರದ ಎರಡು ದಿನ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಗುರುವಿನ ಬಳಿ ಕಲಿಯುವುದು. ಮಂಗಳೂರಿನ ಗುರುಗಳಲ್ಲಿ ಅನೇಕರು ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ತಯಾರು ಮಾಡುತ್ತಾರೆ. ಹಿಂದೆ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಈ ಪರೀಕ್ಷೆಗಳ ಹೊಣೆ ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದ್ದು. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳೂ ಇವೆ. ಖರ್ಚು ಕಡಿಮೆ, ಮನೆಯ ಊಟ, ಆದರೆ ದಿನವೂ ಅಭ್ಯಾಸ ಮಾಡುವ ಹಟ ಮಗುವಿನಲ್ಲಿಯೇ ಇರಬೇಕು.

ಎರಡನೆಯದು, ನೃತ್ಯದಲ್ಲಿಯೇ ಪದವಿ. ಪಿಲಾತ್ತರದ ಲಾಸ್ಯ ಕಾಲೇಜು ಕಣ್ಣೂರು ಜಿಲ್ಲೆಯಲ್ಲಿ ನಮಗೆ ಹತ್ತಿರ. ದೂರಕ್ಕೆ ಕಳುಹಿಸುವವರಿಗೆ ತ್ರಿಪ್ಪೂಣಿತ್ತುರದ ಆರ್.ಎಲ್.ವಿ. ಕಾಲೇಜು, 1930ರಲ್ಲಿ ವಳ್ಳತ್ತೋಳರು ಸ್ಥಾಪಿಸಿದ ಕಲಾಮಂಡಲಂ, ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಇವೆ. ಯು.ಜಿ.ಸಿ.ಯು 2022ರಿಂದ ಒಂದೇ ಕಾಲಕ್ಕೆ ಎರಡು ಪದವಿ ಓದಲು ಅನುಮತಿ ಕೊಟ್ಟಿದೆ. ಆದ್ದರಿಂದ ಕಾಲೇಜಿನಲ್ಲಿ ನೃತ್ಯ, ದೂರಶಿಕ್ಷಣದಲ್ಲಿ ಬಿ.ಕಾಂ. ಎಂಬ ಏರ್ಪಾಡು ಈಗ ಕಾನೂನಿಗೆ ಒಪ್ಪಿಗೆ.

ಮೂರನೆಯದು, ಕಾಮರ್ಸ್ ಓದಲು ಹೊರಊರಿಗೆ ಹೋಗಿ ಅಲ್ಲಿ ಸಂಜೆ ಕಲಿಯುವುದು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಕಲಾಪ್ರತಿಭೆಯ ವಿದ್ಯಾರ್ಥಿಗಳಿಗೆ ಆಸರೆ ಕೊಡುವುದರಲ್ಲಿ ಹೆಸರಾಗಿದೆ. ಬಸದಿಗಳ ಊರು ಎಂಬ ಸಮಾಧಾನ ನಮ್ಮವರಿಗೆ ಬೇರೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೇರಳದ ಶಾಲಾ ಕಲೋತ್ಸವ ದೊಡ್ಡ ಹಬ್ಬ. 2019ರ ನವೆಂಬರಿನಲ್ಲಿ ನಮ್ಮ ಕಾಞಂಗಾಡಿನಲ್ಲಿಯೇ ಅದರ 60ನೆಯ ಕೂಟ ನಡೆಯಿತು. ಆದರೆ ಬಹುಮಾನದ ಆಸೆಗೆ ಒಂದೇ ಹತ್ತು ನಿಮಿಷದ ಐಟಂ ಅನ್ನು ವರ್ಷವಿಡೀ ಉರುಹೊಡೆಸಿ, ವೇಷಭೂಷಣಕ್ಕೆ ಸಾವಿರಾರು ರೂಪಾಯಿ ಸುರಿಯುವುದು ನೃತ್ಯಶಿಕ್ಷಣವಲ್ಲ. ಕಛೇರಿಯಲ್ಲಿ ಒಂದು ವರ್ಣವೇ ಅರ್ಧ ಗಂಟೆಗೂ ಮಿಕ್ಕಿ ನಡೆಯುತ್ತದೆ. ಗುರುವನ್ನು ಆರಿಸುವಾಗ "ಎಷ್ಟು ಬಹುಮಾನ ಬಂದಿದೆ" ಎಂದು ಕೇಳಬೇಡಿ. "ಅಡವುಗಳನ್ನು ಎಷ್ಟು ಕಾಲ ಮಾಡಿಸುತ್ತೀರಿ, ತಾಳ ಮತ್ತು ಶಾಸ್ತ್ರ ಹೇಳಿಕೊಡುತ್ತೀರಾ, ನಿಮ್ಮ ಹಳೆಯ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ" ಎಂದು ಕೇಳಿ. ನೆಲವನ್ನೂ ನೋಡಿ. ಗಟ್ಟಿ ಸಿಮೆಂಟಿನ ಮೇಲೆ ವರ್ಷಗಟ್ಟಲೆ ತಟ್ಟಿದರೆ ಮೊಣಕಾಲು, ಕಣಕಾಲು ಸೋಲುತ್ತವೆ.

ಮನೆಯ ಆಚಾರ

ಸಂಜೆಯ ತರಗತಿ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಊಟದ್ದು. ಸೂರ್ಯಾಸ್ತದ ಮೊದಲು ಉಣ್ಣುವ ನಿಯಮವಿರುವ ಮಗು ಏಳು ಗಂಟೆಯವರೆಗೆ ಕುಣಿದು ಬರಿಹೊಟ್ಟೆಯಲ್ಲಿ ಮಲಗಬಾರದು. ಸಾಧ್ಯವಾದರೆ ಬೆಳಗಿನ ಅಥವಾ ಭಾನುವಾರದ ತರಗತಿಯನ್ನು ಕೇಳಿ ಪಡೆಯಿರಿ. ಆಗದಿದ್ದರೆ ನಾಲ್ಕೂವರೆಯ ಒಳಗೆ ಪೂರ್ತಿ ಊಟವಾಗಲಿ, ತರಗತಿಗೂ ಊಟಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ರಾಗಿ, ಹೆಸರು, ಕಡಲೆ, ಹಾಲು, ಮೊಸರು ದಿನವೂ ಬೇಕು. ಹದಿಹರೆಯದ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ, ಸಸ್ಯಾಹಾರಿಗಳಲ್ಲಿ ಬಿ 12 ಜೀವಸತ್ವದ ಕೊರತೆ ಸಾಮಾನ್ಯ. ವೈದ್ಯರ ಬಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಪರ್ವದ ಉಪವಾಸದ ದಿನಗಳಲ್ಲಿ ಕುಣಿತ ಬಿಟ್ಟು ತಾಳ, ಸಾಹಿತ್ಯ, ಶಾಸ್ತ್ರವನ್ನು ಓದಲಿ. ಇದನ್ನು ಗುರುವಿಗೆ ಮೊದಲೇ ಹೇಳಿದರೆ ತಪ್ಪು ತಿಳಿವಳಿಕೆ ಇರುವುದಿಲ್ಲ.

ಗೆಜ್ಜೆಗಳನ್ನು ಸಾಮಾನ್ಯವಾಗಿ ತೊಗಲಿನ ಪಟ್ಟಿಗೆ ಹೊಲಿಯುತ್ತಾರೆ. ದಪ್ಪ ಬಟ್ಟೆಯ ಪಟ್ಟಿಗೆ ಹೊಲಿಸಿಕೊಳ್ಳಬಹುದು. ಬ್ಯಾಲೆಯ ಮೆತ್ತನೆಯ ಪಾದರಕ್ಷೆ ಕ್ಯಾನ್ವಾಸ್ ಬಟ್ಟೆಯಲ್ಲಿಯೂ ಸಿಗುತ್ತದೆ. ರೇಷ್ಮೆ ಉಡದವರಿಗೆ ಹತ್ತಿಯ ವೇಷ ಹೊಲಿಸಿದರಾಯಿತು.

ಜಮಾ ಖರ್ಚು

ಬರೇ ವೇದಿಕೆಯ ಸಂಭಾವನೆಯಿಂದ ಮನೆ ನಡೆಸುವ ಕಲಾವಿದರು ಎಲ್ಲೆಡೆಯೂ ಕಡಿಮೆ. ಹೆಚ್ಚಿನವರ ಜೀವನ ನಡೆಯುವುದು ಕಲಿಸುವುದರಿಂದ. ಜೊತೆಗೆ ನೃತ್ಯ ಸಂಯೋಜನೆ, ಶಾಲೆಗಳ ಹುದ್ದೆ, ಉತ್ಸವಗಳ ವ್ಯವಸ್ಥೆ ಇವೆ. ಇಲ್ಲಿ ವ್ಯಾಪಾರಿ ಮನೆಯ ಮಗುವಿಗೆ ಒಂದು ಮುಂಗಡವಿದೆ: ಬಾಡಿಗೆ, ಶುಲ್ಕ, ಉಳಿತಾಯದ ಲೆಕ್ಕ ಅದಕ್ಕೆ ಹುಟ್ಟಿನಿಂದ ಗೊತ್ತು. ವ್ಯಕ್ತಿಯೊಬ್ಬರು ಸ್ವತಃ ನಡೆಸುವ ಕಲಾತರಗತಿಗೂ, ಒಂದೂವರೆ ಲಕ್ಷ ರೂಪಾಯಿಯೊಳಗಿನ ಸಂಭಾವನೆಯ ಶಾಸ್ತ್ರೀಯ ಅಥವಾ ಜಾನಪದ ಪ್ರದರ್ಶನಕ್ಕೂ ಜಿ.ಎಸ್.ಟಿ. ವಿನಾಯಿತಿ ಇದೆ. ಕೇಂದ್ರ ಸಂಸ್ಕೃತಿ ಇಲಾಖೆಯು ಐದು ವರ್ಷ ಕಲಿತ 18ರಿಂದ 25ರ ಪ್ರಾಯದವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ಕೊಡುವ ಯೋಜನೆಯನ್ನು ನಡೆಸಿದೆ. ಹತ್ತನೆಯ ವಯಸ್ಸಿನಿಂದ ಕಲಿತ ದಾಖಲೆಗಳನ್ನು, ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಟ್ಟವರಿಗೆ ಇದು ಅನುಕೂಲ.

ಅರಂಗೇಟ್ರಂನ ಆಡಂಬರಕ್ಕೆ ಮದುವೆಯಷ್ಟು ಖರ್ಚು ಮಾಡುವ ರೂಢಿ ನಗರಗಳಿಂದ ನಮ್ಮಲ್ಲಿಗೂ ಬಂದಿದೆ. ಆ ಹಣವನ್ನು ಎರಡು ವರ್ಷದ ಗುರುದಕ್ಷಿಣೆಗೂ ರೈಲಿನ ಪಾಸಿಗೂ ತೆಗೆದಿಟ್ಟರೆ ಮಗುವಿಗೆ ಹೆಚ್ಚು ಉಪಕಾರ.

ಗಂಡುಮಕ್ಕಳ ಬಗ್ಗೆಯೂ ಒಂದು ಮಾತು. ಮಗ ನೃತ್ಯ ಕಲಿಯುತ್ತೇನೆಂದರೆ ನಗಬೇಡಿ. ಕಲಾಮಂಡಲಂ 2024ರಲ್ಲಿ ಮೋಹಿನಿಯಾಟ್ಟಂ ಕಲಿಕೆಯನ್ನೂ ಹುಡುಗರಿಗೆ ತೆರೆಯಿತು. ಪಾರ್ತಿಸುಬ್ಬನ ಕುಂಬಳೆ ಇರುವ ನಾಡು ನಮ್ಮದು. ಯಕ್ಷಗಾನದ ಹೆಜ್ಜೆ ಇಲ್ಲಿನ ಗಂಡಸರಿಗೆ ಹೊಸತಲ್ಲ. ಧರ್ಮಸ್ಥಳದ ಮೇಳವನ್ನು ತಲೆಮಾರುಗಳಿಂದ ಪೋಷಿಸಿದ್ದೂ ಜೈನ ಹೆಗ್ಗಡೆ ಮನೆತನವೇ.

ಕೊನೆಗೆ ಮನೆಯಲ್ಲಿ ಕುಳಿತು ಮಾಡಿಕೊಳ್ಳಬಹುದಾದ ಒಪ್ಪಂದವೊಂದನ್ನು ಹೇಳುತ್ತೇವೆ. ಎರಡು ವರ್ಷದ ಅವಧಿ ಇಟ್ಟುಕೊಳ್ಳಿ. ಮಗು ಪದವಿಯ ಓದನ್ನು ಬಿಡಬಾರದು. ಹಬ್ಬವಿರಲಿ, ಮಳೆಯಿರಲಿ ದಿನಕ್ಕೆ ಒಂದೂವರೆ ಗಂಟೆ ಸ್ವಂತ ಅಭ್ಯಾಸ ತಪ್ಪಿಸಬಾರದು. ಪ್ರತಿಯಾಗಿ ಮನೆಯವರು ಆ ಎರಡು ವರ್ಷ ಮದುವೆಯ ಮಾತನ್ನಾಗಲಿ, ಪಕ್ಕದ ಮನೆಯ ಇಂಜಿನಿಯರ್ ಮಗನ ಮಾತನ್ನಾಗಲಿ ಎತ್ತಬಾರದು. ಅವಧಿ ಮುಗಿದಾಗ ಗುರುವನ್ನೂ, ಆ ಗುರುವಿಗೆ ಸಂಬಂಧವಿಲ್ಲದ ಇನ್ನೊಬ್ಬ ವಿದ್ವಾಂಸರನ್ನೂ ಕೇಳಿ. ಹೇಳುವವರಿಲ್ಲದೆಯೂ ಮಗು ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ನಿಂತಿದ್ದರೆ ಧೈರ್ಯವಾಗಿ ಮುಂದೆ ಕಳುಹಿಸಿ. ನಿಲ್ಲದಿದ್ದರೆ, ಕೈಯಲ್ಲಿ ಪದವಿ ಇದೆ, ದೇಹದಲ್ಲಿ ಒಂದು ಒಳ್ಳೆಯ ವಿದ್ಯೆ ಇದೆ, ತಂದೆತಾಯಿ ತನ್ನ ಮಾತನ್ನು ಕೇಳಿದರು ಎಂಬ ನೆನಪಿದೆ. ಈ ವ್ಯವಹಾರದಲ್ಲಿ ಯಾರಿಗೂ ನಷ್ಟವಿಲ್ಲ.