ಪಾಯಿಂಟರ್ ಕಷ್ಟ ಅಂದಿದ್ದು ಯಾರು?

"ಸರ್, ಪಾಯಿಂಟರ್ ನನ್ ತಲೆಗೆ ಹತ್ತಲ್ಲ. ನಾನು ಕನ್ನಡ ಮೀಡಿಯಂ."

ಹೊಸನಗರ ಕಡೆಯ ಹುಡುಗಿ ಹೀಗೆಂದಾಗ ನನಗೆ ಸಿಟ್ಟು ಬಂದಿದ್ದು ಅವಳ ಮೇಲಲ್ಲ, ಹಾಗೆ ನಂಬಿಸಿದವರ ಮೇಲೆ.

ರಜೆಯಲ್ಲಿ ಸಾಗರದ ನಮ್ಮ ಮನೆ ಜಗಲಿಗೆ ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಹುಡುಗರು ಸಿ ಕಲಿಯಲು ಬರುತ್ತಾರೆ. ಪಾಯಿಂಟರ್‌ನ ಇಂಗ್ಲಿಷ್ ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ. ಬರೆದರೆ ಅಂಕವೂ ಸಿಗುತ್ತದೆ. ಹಾಗಂದ್ರೇನು ಅಂತ ಕೇಳಿದರೆ ಮುಖ ಮುಖ ನೋಡ್ತಾರೆ.

ತಮಾಷೆ ನೋಡಿ. ಮೊದಲ ವಾರವೇ ಸ್ಕ್ಯಾನ್‌ಎಫ್‌ನಲ್ಲಿ ಇವರಿಂದ & ಹಾಕಿಸಿರುತ್ತಾರೆ. ಯಾಕೆ ಅಂದರೆ "ಸದ್ಯ ಹಾಕು, ಮುಂದೆ ಗೊತ್ತಾಗತ್ತೆ." ಆ 'ಮುಂದೆ' ಬರುವುದೇ ಇಲ್ಲ. ಅಲ್ಲಾ ಸ್ವಾಮಿ, ತೋಟದ ಫೋಟೋ ಕೊಟ್ಟರೆ ಕೊನೆಗಾರ ಕೊನೆ ಇಳಿಸ್ತಾನಾ? ತೋಟ ಎಲ್ಲಿದೆ ಅಂತ ಹೇಳಬೇಕು ತಾನೆ? ಸಿ ಭಾಷೆಯಲ್ಲಿ ಫಂಕ್ಷನ್ನಿಗೆ ವೇರಿಯಬಲ್ ಕೊಟ್ಟರೆ ಹೋಗುವುದು ಅದರೊಳಗಿನ ಬೆಲೆಯ ನಕಲು. ನಕಲನ್ನು ಎಷ್ಟು ತಿದ್ದಿದರೂ ಅಸಲು ಅಲ್ಲಾಡುವುದಿಲ್ಲ. ಅಸಲಿಗೇ ಕೈ ಹಾಕಬೇಕಾದರೆ ವಿಳಾಸ ಬೇಕು. & ಕೊಡುವುದು ಅದನ್ನೇ. ಆ ವಿಳಾಸ ಬರೆದಿಟ್ಟುಕೊಳ್ಳುವ ಚೀಟಿಯೇ ಪಾಯಿಂಟರ್.

ಇನ್ನು ನಕ್ಷತ್ರ. ಒಂದೇ ಗುರುತಿಗೆ ಎರಡು ಕೆಲಸ. ಡಿಕ್ಲೇರ್ ಮಾಡುವಾಗ * ಎಂದರೆ "ಇದು ವಿಳಾಸದ ಚೀಟಿ". ಆಮೇಲೆ ಬಳಸುವಾಗ * ಎಂದರೆ "ಚೀಟಿಯಲ್ಲಿರುವ ಮನೆಗೆ ಹೋಗು". ಈ ಗೊಂದಲ ಬಿಡಿಸದೆ ಪಾಯಿಂಟರಿಗೆ ಪಾಯಿಂಟರ್ ಅಂತ ಹಾರಿದರೆ ಎಂಥ ಹುಡುಗರೂ ದಡ್ಡರಾಗಿ ಕಾಣ್ತಾರೆ. ಬೆಲ್ ಲ್ಯಾಬ್ಸ್‌ನಲ್ಲಿ 1972ರ ಹೊತ್ತಿಗೆ ಡೆನ್ನಿಸ್ ರಿಚಿ ಸಿ ರೂಪಿಸಿದ್ದು ಯುನಿಕ್ಸ್ ಕೆಲಸಕ್ಕೆ, ನಮ್ಮ ಮಕ್ಕಳನ್ನು ಫೇಲ್ ಮಾಡಲಿಕ್ಕಲ್ಲ.

"ನಾಳೆ ಕೆಲಸ ಸಿಗಬೇಕಲ್ಲ, ಇಂಗ್ಲಿಷಲ್ಲೇ ಕಲೀಲಿ" ಅನ್ನುವವರಿದ್ದಾರೆ. ಪದ ಇಂಗ್ಲಿಷಿನದೇ ಇರಲಿ, ಯಾರು ಬೇಡ ಅಂದ್ರು? ಅರ್ಥವನ್ನಾದರೂ ಕನ್ನಡದಲ್ಲಿ ಹೇಳಿ. ಕರಿಹಲಗೆ ಮೇಲೆ ನಾಲ್ಕು ಚೌಕ, ಒಂದು ಬಾಣ ಬರೆಯಲು ಯಾವ ಸಿಲಬಸ್ಸೂ ಅಡ್ಡ ಬರುವುದಿಲ್ಲ.

ಮೊನ್ನೆ ಡ್ಯಾಂಗ್ಲಿಂಗ್ ಪಾಯಿಂಟರ್ ಹೇಳ್ತಿದ್ದೆ. ಮೆಮೊರಿಯ ಜಾಗ ಬಿಟ್ಟುಕೊಟ್ಟಾಗಿದೆ, ಚೀಟಿಯಲ್ಲಿ ವಿಳಾಸ ಮಾತ್ರ ಹಾಗೇ ಇದೆ. ಅದೇ ಹುಡುಗಿ ತಟ್ಟನೆ ಅಂದಳು: "ನಮ್ಮಜ್ಜನ ಹಳೇ ಮನೆ ಅಡ್ರೆಸ್ ಥರ ಅಲ್ವಾ ಸರ್? ಯಾವೂರು ಅಂದ್ರೆ ಅಜ್ಜ ಈಗ್ಲೂ ಅದನ್ನೇ ಹೇಳ್ತಾರೆ. ಹೋಗಿ ನೋಡಿದ್ರೆ ಬರೀ ನೀರು."

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅವಳಜ್ಜನದೂ ಒಂದು. ಇಷ್ಟು ಚೆನ್ನಾಗಿ ಯಾವ ಪಠ್ಯದಲ್ಲೂ ನಾನು ಓದಿಲ್ಲ.

ಈ ತಲೆಗೆ ಹತ್ತಲ್ವಂತೆ!